ಬಿಸಿ ಬಿಸ್ಕತ್ತು, ಬಿಗಿ ಮುಚ್ಚಳ

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ದೋಸೆಕಾವಲಿಗೆ ಬದನೆತೊಟ್ಟಿನಿಂದ ಎಣ್ಣೆ ಸವರುತ್ತಿದ್ದೆ. ತುಳಸಿಗೆ ನೀರು ಹಾಕಿ ಒಳಗೆ ಬಂದ ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, "ಮೂರು ಗಂಟೆಗೆ ಅಮಲ್ದಾರ್ರ ಹೆಂಡ್ತಿ ಬರ್ತಾರೆ. ನಮ್ಮ ಸೊಸೆ ಬಿಸ್ಕತ್ತು ಮಾಡ್ತಾಳೆ ಅಂತ ಹೇಳ್ಬಿಟ್ಟಿದೀನಿ" ಎಂದರು.

ತಪ್ಪು ನನ್ನದೇ. ಮದುವೆಯಾಗಿ ಹೊಸನಗರಕ್ಕೆ ಬಂದ ಆರು ತಿಂಗಳಿಂದ, ಯಾರ ಮನೆಯಲ್ಲಿ ಏನು ತಿಂಡಿ ಕೊಟ್ಟರೂ, "ನಮ್ಮ ಕಾನ್ವೆಂಟಿನಲ್ಲಿ ಬಿಸ್ಕತ್ತು ಕಲಿಸಿದ್ದರು" ಎಂದು ಮೆಲ್ಲಗೆ ಸೇರಿಸುತ್ತಿದ್ದೆ. ಕಲಿಸಿದ್ದು ನಿಜ. ಸಿಸ್ಟರ್ ಹೇಳಿದ್ದನ್ನು ಬರೆದುಕೊಂಡು, ಓವನ್ನಿನ ಚಿತ್ರಕ್ಕೆ ಬಣ್ಣ ಹಚ್ಚಿ, ಮೊದಲ ಬಹುಮಾನವನ್ನೂ ಪಡೆದಿದ್ದೆ. ಓವನ್ನನ್ನು ಮಾತ್ರ ಮುಟ್ಟಿರಲಿಲ್ಲ. ಬೆಂದದ್ದೆಲ್ಲ ಸಿಸ್ಟರುಗಳ ಊಟದ ಮನೆಗೆ ಹೋಗುತ್ತಿತ್ತು; ನಮ್ಮ ಪಾಲಿಗೆ ಪರಿಮಳ. ಅದಕ್ಕೂ ಸಾಲಾಗಿ ನಿಲ್ಲಬೇಕಿತ್ತು.

ಅಮಲ್ದಾರರ ಹೆಂಡತಿಯೋ, ಶಿವಮೊಗ್ಗೆಯಿಂದ ಬಸ್ಸಿನಲ್ಲಿ ಬಿಸ್ಕತ್ತು ತರಿಸಿ, ತಿಂದು ಮುಗಿಸಿದ ಮೇಲೆ ಖಾಲಿ ಡಬ್ಬವನ್ನು ಬೀದಿಗೆ ಕಾಣುವಂತೆ ಕಿಟಕಿಯಲ್ಲಿ ಇಡುತ್ತಿದ್ದ ಮಹಾತಾಯಿ. ಅವರ ಎದುರು ಸೋತರೆ ಅತ್ತೆಯ ಮಾತೂ ನನ್ನ ಆರು ತಿಂಗಳ ಜಂಭವೂ ಒಟ್ಟಿಗೇ ಮಣ್ಣುಪಾಲು.

ಹಳೆಯ ಬಾಣಲೆಗೆ ಹೊಳೆಯ ಮರಳು ತುಂಬಿ ಒಲೆಯ ಮೇಲಿಟ್ಟೆ. ತುಪ್ಪ, ಮೈದಾ, ಹಬ್ಬಕ್ಕೆಂದು ಉಳಿಸಿದ್ದ ರೇಷನ್ ಸಕ್ಕರೆ ಎಲ್ಲ ಹೊರಬಂದವು. ನೋಟ್‌ಬುಕ್ಕಿನಲ್ಲಿದ್ದ ಮೊಟ್ಟೆಯನ್ನು ಅತ್ತೆಗೆ ಓದಿ ಹೇಳುವಾಗಲೇ ನುಂಗಿಬಿಟ್ಟೆ. ಪೌಡರ್ ಡಬ್ಬದ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ತಟ್ಟೆಯನ್ನು ಮರಳಿನ ಮೇಲಿಟ್ಟು ಮುಚ್ಚಿ, ಮೇಲೆ ಕೆಂಡ ಹರಡಿದೆ. ಮೊದಲ ತಟ್ಟೆಯದೊಂದು ಬಿಸ್ಕತ್ತು ಆರಿದ ಮೇಲೆ ಮುರಿದರೆ ಟಕ್ಕೆಂದಿತು. ನಾನು ನೆಲದ ಮೇಲೆ ನಿಲ್ಲಲಿಲ್ಲ. ಉಳಿದದ್ದನ್ನೆಲ್ಲ ಒಲೆಯಿಂದ ಇಳಿದದ್ದೇ ತಡ, ತವರಿನಿಂದ ತಂದ ಗುಲಾಬಿ ಚಿತ್ರದ ಡಬ್ಬಕ್ಕೆ ತುಂಬತೊಡಗಿದೆ.

"ಮೊರದಲ್ಲಿ ಹರವಿ ಆರೋಕೆ ಬಿಡೇ," ಎಂದರು ಅತ್ತೆ. "ಚಕ್ಲಿನ ಬಿಸಿಬಿಸೀನೇ ತುಂಬ್ತೀವಾ?"

"ಇದು ಚಕ್ಕುಲಿ ಅಲ್ಲ ಅತ್ತೆ, ಇದರ ಪದ್ಧತಿಯೇ ಬೇರೆ. ಹೊರಗಿಟ್ಟರೆ ನೊಣ ಕೂರತ್ತೆ."

"ಪುಸ್ತಕದಲ್ಲಿ ಹಂಗಂತ ಇದ್ಯಾ?"

"ಇದೆ" ಎಂದೆ.

ಇದ್ದದ್ದು ಇಷ್ಟೇ: 'ಡಬ್ಬಕ್ಕೆ ತುಂಬುವ ಮೊದಲು'. ಮೊದಲು ಏನು ಮಾಡಬೇಕೆಂದು ಸಿಸ್ಟರ್ ಹೇಳುವಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆದು ನಾವೆಲ್ಲ ಮೊಣಕಾಲೂರಿದ್ದೆವು. ಮುಚ್ಚಳವನ್ನು ಬಿಗಿಯಾಗಿ ಒತ್ತಿದೆ.

ಮೂರು ಗಂಟೆಗೆ ಅತಿಥಿಯ ಮುಂದೆಯೇ ಅದನ್ನು ತೆಗೆದೆ. ಒಳಮೈಯಲ್ಲಿ ನೀರಿನ ಹನಿ ಸಾಲುಗಟ್ಟಿತ್ತು. ಅಮಲ್ದಾರರ ಹೆಂಡತಿ ಎರಡು ಬೆರಳಲ್ಲಿ ಒಂದು ಬಿಸ್ಕತ್ತು ಎತ್ತಿಕೊಂಡರು. ಅದು ಮುರಿಯಲಿಲ್ಲ, ಬಾಗಿತು.

"ಎಷ್ಟು ಮೃದುವಾಗಿದೆ," ಎಂದರು. "ಶಿವಮೊಗ್ಗದ್ದು ಕಟುಂ ಅನ್ನತ್ತೆ, ಪಾಪ."

ಅರ್ಧ ಕಚ್ಚಿ, ಉಳಿದರ್ಧವನ್ನು ಸಾಸರಿನ ಅಂಚಿಗೆ ಸರಿಸಿದರು. ಅತ್ತೆ ನನ್ನ ಕಡೆ ನೋಡದೆ ಒಳಗೆ ಹೋಗಿ ಚಕ್ಕುಲಿ ತಂದಿಟ್ಟರು. ಅದನ್ನು ಅತಿಥಿ ಮೂರು ತಿಂದರು, ಮಾತಿನ ನಡುವೆ ಕಟುಂ ಕಟುಂ ಎನ್ನಿಸುತ್ತ. ಬಾಗಿಲಲ್ಲಿ ಕುಂಕುಮ ತೆಗೆದುಕೊಳ್ಳುವಾಗ ಕೇಳಿದ್ದೂ ಚಕ್ಕುಲಿಯ ಹದವನ್ನೇ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬವನ್ನು ಬಟ್ಟಲಿಗೆ ಸುರಿದು, ಪಕ್ಕದ ಮನೆಗೆ ಕೊಟ್ಟು ಬಂದರು. ಅಲ್ಲಿದ್ದವರು ಅಣೆಕಟ್ಟಿನ ಮುಳುಗಡೆಯಲ್ಲಿ ತೋಟ ಕಳೆದುಕೊಂಡು ಬ್ಯಾಕೋಡಿನ ಕಡೆಯಿಂದ ಬಂದವರು.

ದೀಪ ಹಚ್ಚುವ ಹೊತ್ತಿಗೆ ಆ ಮನೆಯಾಕೆ ತೊಳೆದ ಬಟ್ಟಲು ಹಿಡಿದು ಹಿತ್ತಲಬಾಗಿಲಿಗೆ ಬಂದರು. ಒಳಗೆ ಅತ್ತೆ ಬತ್ತಿ ಹೊಸೆಯುತ್ತಿದ್ದರು. ಅವರ ಬೆರಳು ನಿಂತದ್ದು ನನಗೆ ಕಂಡಿತು.

"ಎಂಗ್ಳ ಮಾವಂಗೆ ಒಂದು ಹಲ್ಲೂ ಇಲ್ಲೆ ತಂಗೀ, ರಾಶಿ ಇಷ್ಟ ಆತು," ಎಂದು ಬಟ್ಟಲನ್ನು ಕೈಗಿಟ್ಟು, ಹೋಗುತ್ತ ಹೋಗುತ್ತಲೇ ಕೇಳಿದರು: "ಕಾನ್ವೆಂಟಲ್ಲಿ ಮುದುಕ್ರ ತಿಂಡಿನೂ ಕಲಿಸ್ತ್ವನೇ?"