ನೀರು ನಿಲ್ಲದ ಹೊಂಡ

ಗಣಿಯೂರು ಡಿಚೋಲಿಯಲ್ಲಿ ನಮ್ಮ ಕೇರಿಯ ಮೇಲಿನ ಗುಡ್ಡದಲ್ಲಿ ಹುಲ್ಲು, ನೀರು ಎರಡನ್ನೂ ಕಾಯುವವನು ಹೊಳೆಪ್ಪ. ಈಗ ಅದೇ ಅವನ ಉದ್ಯೋಗ. ಸುತ್ತಲಿನ ಊರಿನವರೂ ತಮ್ಮ ಗುಡ್ಡಕ್ಕೆ ಅವನನ್ನು ಕರೆಯುತ್ತಾರೆ. ಆದರೆ ಇದು ಶುರುವಾದದ್ದು ಒಂದು ತಪ್ಪಿನಿಂದ.

ಹೊಳೆಪ್ಪ ಮೊದಲು ಅದಿರಿನ ಲಾರಿ ಓಡಿಸುತ್ತಿದ್ದ. ಗಣಿ ನಿಂತ ಮೇಲೆ ಆಡು ಕಟ್ಟಿದ. ನಮ್ಮ ಹಾಗೆಯೇ ಬಿಜಾಪುರದ ಕಡೆಯಿಂದ ದುಡಿಯಲು ಬಂದ ಕುರುಬರ ಮಗ, ಆಡಿನ ಕಣ್ಣು ನೋಡಿ ಹೊಟ್ಟೆಯ ಸುದ್ದಿ ಹೇಳುವವನು. ಮೇಯಲು ಗುಡ್ಡವಿತ್ತು. ಕುಡಿಯಲು ಮಾತ್ರ ಗುಡ್ಡದ ಬುಡದ ಝರಿಯೊಂದೇ. ನಾವು ಹೆಂಗಸರು ಕೊಡ ತುಂಬುವುದೂ ಅಲ್ಲಿಯೇ. ಹೋಳಿ ಹುಣ್ಣಿಮೆ ಬಂದರೆ ಅದು ನೂಲಿನಷ್ಟಾಗಿ ನಿಂತೇ ಹೋಗುತ್ತಿತ್ತು.

ಪಾಳಿಯಲ್ಲಿ ಯಾವಾಗಲೂ ಮುಂದಿರುವವಳು ಅಮೀರಬಿ. ಅವಳೇ ಅಂದಳು: “ಹೊಳೆಪ್ಪಣ್ಣಾ, ನಿನ್ನ ಆಡು ಕುಡದ್ರ ನಮ್ಮ ಮಕ್ಳು ಏನ್ ಕುಡೀಬೇಕು? ಬ್ಯಾಸಗಿಗೆ ಬ್ಯಾರೆ ನೀರು ನೋಡು, ಇಲ್ಲಾಂದ್ರ ಆಡು ಮಾರು.”

“ಮಾರೂದಿಲ್ಲಬೇ. ಗುಡ್ಡದ ಮ್ಯಾಲೆ ಹೊಂಡಾ ತೋಡ್ತೀನಿ. ನಮ್ಮೂರಾಗ ತೋಡಿಲ್ಲೇನು?”

ತೋಡಿದ. ನಮ್ಮೂರಿನ ಕರಿ ಮಣ್ಣಿನಲ್ಲಿ ಹೊಂಡದ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಇಲ್ಲಿಯದು ಕೆಂಪು ಕಲ್ಲು, ಮೈತುಂಬ ತೂತು. ಮಳೆಗೆ ಸಂಜೆ ತುಂಬಿದ ಹೊಂಡ ಮುಂಜಾನೆ ಬರಿದಾಗಿತ್ತು. ಹಟಕ್ಕೆ ಬಿದ್ದು ಅದರ ಮಗ್ಗುಲಿಗೆ ಮತ್ತೆರಡು ತೋಡಿದ. ಅವೂ ಹಾಗೆಯೇ.

“ಹೊಂಡಾ ಅಲ್ಲೋ ಅಣ್ಣಾ, ಜರಡಿ ತೋಡೀದಿ,” ಎಂದಳು ಅಮೀರಬಿ. “ಹಿಟ್ಟು ಸೋಸಾಕ ನಾವೂ ಬರೂಣೇನು?”

“ಬರ್ರಿ, ಬರ್ರಿ. ಸಜ್ಜಿ ಹಿಟ್ಟು ತರ್ರಿ.”

ನಗುತ್ತಲೇ ಅಂದ. ಆದರೆ ಆಡಿನ ವ್ಯಾಪಾರಿ ಬಂದು ಒಂದೊಂದರ ಬೆನ್ನು ಒತ್ತಿ ನೋಡಿದ ದಿನ ಅವನ ಮುಖ ಸಣ್ಣದಾಯಿತು. “ಹೋಳಿ ತನಕ ನೋಡೂಣ್ರಿ ವೈನಿ, ಝರಿ ನಿಂತ್ರ ಮಾರೂದ,” ಎಂದು ನನಗೆ ಹೇಳಿದ. ಹೊಂಡದ ಅಂಚು ಕುಸಿಯದಂತೆ ಸುತ್ತಲೂ ಹುಲ್ಲಿನ ಬೇರು ನೆಟ್ಟ. ಅದು ಬೀಜ ಉದುರಿಸುವ ತನಕ ಆ ಕಡೆಗೆ ಒಂದು ಆಡನ್ನೂ ಬಿಡಲಿಲ್ಲ.

ಹೋಳಿ ಬಂತು. ಝರಿ ನಿಲ್ಲಲಿಲ್ಲ. ಯುಗಾದಿಗೂ ಹೆಬ್ಬೆರಳಿನ ದಪ್ಪ ಹರಿಯುತ್ತಿತ್ತು. ಹೊಂಡದಲ್ಲಿ ಇಂಗಿದ ನೀರು ಕಲ್ಲಿನೊಳಗೆ ಸಾವಕಾಶ ಇಳಿದು ಬುಡಕ್ಕೆ ಬಂದಿತ್ತು. ಅಮೀರಬಿ ತುಂಬಿದ ಕೊಡವನ್ನು ಕೆಳಗಿಟ್ಟು, ಕತ್ತೆತ್ತಿ ಗುಡ್ಡ ನೋಡಿದಳು.

“ಹೊಳೆಪ್ಪಣ್ಣಾ, ಆಡು ಹೊಡಕೊಂಡು ಬಾರೋ!”

“ಮಾರು ಅಂದಿದ್ದೆಲ್ಲಬೇ?”

“ಅಂದಿದ್ದೆ. ಈಗ ಬಾ ಅನ್ನಾಕತ್ತೇನಿ. ಬರ್ತೀಯೋ, ಕೊಡಾ ಎತ್ತಿ ಒಗೀಲೋ?”

ಆಡುಗಳು ಇಳಿದು ಬಂದು ಹೊಟ್ಟೆತುಂಬ ಕುಡಿದವು. ಒಂದು ಹೋತ ಅಮೀರಬಿಯ ಸೆರಗಿಗೆ ಬಾಯಿ ಹಾಕಿ ಏಟು ತಿಂದಿತು.

ಮುಂದಿನ ಮಳೆಗೆ ಮೊದಲೇ ಹೆಂಗಸರೆಲ್ಲ ಪಿಕಾಸಿ, ಬುಟ್ಟಿ ಹೊತ್ತು ಗುಡ್ಡ ಹತ್ತಿದೆವು. “ಈ ಜರಡಿ ಎಷ್ಟ್ ಅಗಲ ಬೇಕೋ ಅಣ್ಣಾ?” ಎಂದು ಅಮೀರಬಿಯೇ ಮೊದಲ ಏಟು ಹಾಕಿದಳು.

ಈಗ ಬೇಸಿಗೆಯಲ್ಲಿ ಝರಿಯ ಪಾಳಿ ಹೀಗೆ: ಮೊದಲು ಹೊಳೆಪ್ಪನ ಆಡು, ಆಮೇಲೆ ಅಮೀರಬಿ, ಆಮೇಲೆ ನಾವು.