ಇವತ್ತಿಗೆ ಸಾಕು, ಮಗೂ

ಬೆಳಿಗ್ಗೆ ಹತ್ತೂಕಾಲು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಕೆ ಒಂದು ಗಾಜನ್ನು ಪವರ್ ಅಳೆಯುವ ಯಂತ್ರಕ್ಕೆ ಕೊಟ್ಟು, ಹಸಿರು ಗೆರೆಗಳು ಚೂಪಾಗುವವರೆಗೆ ತಿರುಗಿಸಿ, ಮೂರು ಶಾಯಿ ಚುಕ್ಕೆ ಒತ್ತಿದಳು. ಅಂಚಿನಲ್ಲಿ ‘ಬಲ’ ಎಂದು ಬರೆದಳು. ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸುವುದು ಈ ಕೆಲಸದಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಹನ್ನೊಂದು ವರ್ಷದಲ್ಲಿ ಆಕೆ ಒಂದು ಸಲವೂ ಮಾಡಿರಲಿಲ್ಲ. ಅಂಗಡಿಯಲ್ಲಿ ಆಕೆಯನ್ನು ಎಲ್ಲರೂ ಗಾಜಕ್ಕ ಎನ್ನುತ್ತಾರೆ.

“ಗಾಜಕ್ಕ, ಮಗಳ ಫೋನಿಗೆ ಆಪ್ ಹಾಕಿದ್ರೋ ಇಲ್ವೋ?” ಎಂದು ಬಾಗಿಲಲ್ಲಿ ನಿಂತು ಕೇಳಿದವಳು ಕೌಂಟರಿನವಳು. ಅವಳು ಪಿಸುಗುಟ್ಟಿದರೂ ಬೀದಿಗೆ ಕೇಳಿಸುತ್ತದೆ. ಹಾಗಾಗಿ ಅವಳ ಹೆಸರು ಮೈಕು.

“ಇನ್ನೂ ಇಲ್ಲ.”

“ನಿಮ್ಮಕ್ಕ ಕೊಟ್ಟಿರೋದು ಮೂರು ವಾರ. ಅದರಲ್ಲಿ ಎರಡು ದಿನ ಕಳೀತು.”

ಸಂಗತಿ ಇಷ್ಟೇ. ಗಾಜಕ್ಕನ ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಉಳಿದವರು ಆಕೆ ಮತ್ತು ಎಂಟನೇ ತರಗತಿಯ ಮಗಳು. ಮಗಳು ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಯಾವಾಗಲೂ ಫೋನಿನಲ್ಲಿರುತ್ತಾಳೆ ಎಂದು ಶಾಲೆಯಿಂದ ಚೀಟಿ ಬಂದಿತ್ತು. ಹೋದ ಭಾನುವಾರ ಮನೆಗೆ ಬಂದ ಅಕ್ಕನ ಕಣ್ಣಿಗೆ ಆ ಚೀಟಿ ಬಿತ್ತು. “ಮೂರು ವಾರ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಅವಳನ್ನ ನಮ್ಮನೆಗೆ ಕರ್ಕೊಂಡು ಹೋಗಿ ಅಲ್ಲೇ ಶಾಲೆಗೆ ಸೇರಿಸ್ತೀನಿ. ಏನಂತೀಯ?” ಎಂದಿದ್ದಳು ಅಕ್ಕ.

“ಹೂಂ” ಎಂದಿದ್ದಳು ಗಾಜಕ್ಕ. ಈ ಹದಿನಾಲ್ಕು ತಿಂಗಳಲ್ಲಿ ಆಸ್ಪತ್ರೆಯವರಿಗೆ, ಗಂಡನ ಆಫೀಸಿನವರಿಗೆ, ಅವನ ಅಂಗಿಗಳನ್ನು ಕೇಳಿಕೊಂಡು ಬಂದ ಮೈದುನನಿಗೆ, ಎಲ್ಲರಿಗೂ ಆಕೆ ಹೇಳಿದ್ದು ಅದನ್ನೇ. ಒಪ್ಪಿಗೆಯಿಂದ ಹೇಳಿದ್ದಲ್ಲ. ಆ ಮಾತು ಹೇಳಿದರೆ ಎದುರಿಗಿದ್ದವರು ಸುಮ್ಮನಾಗುತ್ತಿದ್ದರು.

ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಮೈಕು ಮೂರು ಆಪ್ ತೋರಿಸಿದಳು. ಮೊದಲನೆಯದರಲ್ಲಿ ಮಗು ಕಳಿಸುವ ಪ್ರತಿ ಮೆಸೇಜೂ ಕಾಣುತ್ತಿತ್ತು, ಯಾವ ಬೀದಿಯಲ್ಲಿದೆ ಎಂಬುದೂ ಕಾಣುತ್ತಿತ್ತು.

“ಇದನ್ನ ನಮ್ಮ ಯಜಮಾನ್ರಿಗೆ ಹಾಕ್ಬೇಕು ನೋಡಿ.”

“ಬೇಡ. ಅವಳ ಗೆಳತಿಯರ ಮಾತೆಲ್ಲ ನಾನ್ಯಾಕೆ ಓದ್ಲಿ?”

ಎರಡನೆಯದು ತಂದೆ ತಾಯಿ ಇಬ್ಬರ ನಂಬರನ್ನೂ ಕೇಳಿತು. ಒಂದನ್ನೇ ತುಂಬಿದರೆ ಮುಂದಕ್ಕೆ ಬಿಡಲಿಲ್ಲ. ಗಾಜಕ್ಕ ಆ ಖಾಲಿ ಚೌಕವನ್ನು ನೋಡುತ್ತ ಕೂತಳು. ಮೈಕು ಅವಳ ಕೈಯಿಂದ ಫೋನು ತೆಗೆದುಕೊಂಡು, “ಇದು ಸರಿಯಿಲ್ಲ ಬಿಡಿ” ಎಂದಳು. ಆ ಮಾತು ಪಕ್ಕದ ಕುರ್ಚಿಗೂ ಸರಿಯಾಗಿ ಕೇಳಿಸಲಿಲ್ಲ.

ಮೂರನೆಯದರಲ್ಲಿ ಒಂದು ಗೂಬೆಯ ಚಿತ್ರವಿತ್ತು. ಎಲ್ಲ ಕನ್ನಡದಲ್ಲೇ ಇತ್ತು. ಎಷ್ಟು ಹೊತ್ತು ನೋಡಿದರು ಎಂಬುದನ್ನಷ್ಟೇ ಹೇಳುತ್ತಿತ್ತು, ಗೊತ್ತುಮಾಡಿದ ಹೊತ್ತಿಗೆ ಮುಚ್ಚುತ್ತಿತ್ತು. “ಇದು ಸಾಕು” ಎಂದಳು ಗಾಜಕ್ಕ.

ಸಂಜೆ ಊಟದ ಮೇಜಿನ ಮೇಲೆ ಎರಡು ಫೋನುಗಳನ್ನೂ ಇಟ್ಟುಕೊಂಡಳು. ಮಗಳು ತಕರಾರು ಮಾಡಲಿಲ್ಲ. “ಲಾಕ್ ತೆಗೆದಿದೀನಿ, ತಗೋ” ಎಂದು ಕೊಟ್ಟು ಬಟ್ಟೆ ಮಡಚಲು ಹೋದಳು. ಈ ಫೋನು ಯಾರದು ಎಂದು ಗೂಬೆ ಕೇಳಿತು. ಕೆಳಗೆ ಎರಡು ಗುಂಡಿ. ಮೇಲಿನದರಲ್ಲಿ ‘ಪಾಲಕ’, ಕೆಳಗಿನದರಲ್ಲಿ ‘ಬಾಲಕ’. ಗಾಜಕ್ಕ ‘ಬಾಲಕಿ’ ಇದೆಯೇ ಎಂದು ಹುಡುಕಿದಳು, ಇರಲಿಲ್ಲ. ಅಕ್ಷರ ಸಣ್ಣವು, ಆಕೆಯ ಫೋನಿನ ಪರದೆಗೆ ಬಿರುಕು, ಓದುವ ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು. ಇರುವ ವ್ಯತ್ಯಾಸ ಒಂದೇ ಅಕ್ಷರದ್ದು. ತನ್ನ ಫೋನಿನಲ್ಲಿ ಕೆಳಗಿನದನ್ನು ಒತ್ತಿದಳು, ಮಗಳದರಲ್ಲಿ ಮೇಲಿನದನ್ನು. ಗೂಬೆಯ ಲೆಕ್ಕದಲ್ಲಿ ಅಲ್ಲಿಂದಾಚೆಗೆ ತಾಯಿ ಮಗುವಾದಳು, ಮಗಳು ಪಾಲಕಳಾದಳು.

ಮಗಳಿಗೆ ಅದು ಮಾರನೆಯ ದಿನವೇ ಗೊತ್ತಾಯಿತು. ಅವಳು ಬಾಯಿ ಬಿಡಲಿಲ್ಲ.

ಗಾಜಕ್ಕ ಕೆಲಸದಿಂದ ಆರಕ್ಕೆ ಬಂದು, ಚಪ್ಪಲಿ ಬಿಟ್ಟು, ಮಂಚದ ಅಂಚಿನಲ್ಲಿ ಕೂತು ಫೋನು ತೆರೆಯುತ್ತಿದ್ದಳು. ನೋಡುತ್ತಿದ್ದದ್ದು ಕೊಳಕು ಜಮಖಾನೆ ತೊಳೆಯುವ ವಿಡಿಯೊಗಳನ್ನು. ಯಾರೋ ನೀರು ಬಿಡುತ್ತಾರೆ, ಕಪ್ಪು ನೀರು ಹರಿಯುತ್ತದೆ, ಅಡಿಯಿಂದ ಬಣ್ಣ ಏಳುತ್ತದೆ, ಅಷ್ಟರಲ್ಲಿ ಮುಂದಿನದು. ಇಷ್ಟಪಟ್ಟು ನೋಡುತ್ತಿದ್ದಳು ಎನ್ನುವಂತಿಲ್ಲ. ಎರಡನೇ ವಾರದಿಂದ ಸರಿಯಾಗಿ ಏಳಕ್ಕೆ ಪರದೆ ಕಪ್ಪಾಗಿ, ‘ಇವತ್ತಿಗೆ ಸಾಕು, ಮಗೂ’ ಎಂಬ ಸಾಲು ಬರತೊಡಗಿತು. ಮಗಳಿಗೆ ಹೋಗುವ ಸಂದೇಶದ ಪ್ರತಿ ತನಗೂ ಬರುತ್ತದೆ, ಮುಚ್ಚುವಾಗ ಎರಡೂ ಫೋನು ಒಟ್ಟಿಗೇ ಮುಚ್ಚುತ್ತವೆ ಎಂದುಕೊಂಡಳು. ಎದ್ದು ಅಡುಗೆಮನೆಗೆ ಹೋಗಿ ದೀಪ ಹಾಕುತ್ತಿದ್ದಳು. ದೀಪ ಹಾಕಿದ ಮೇಲೆ ಏನಾದರೂ ಮಾಡಬೇಕಲ್ಲ, ಅನ್ನಕ್ಕಿಡುತ್ತಿದ್ದಳು.

ಮೂರನೇ ಭಾನುವಾರ ಅಕ್ಕ ಬಂದಳು. ಕೈಚೀಲದಿಂದ ತನ್ನೂರಿನ ಶಾಲೆಯ ಅರ್ಜಿ ತೆಗೆದು ಮೇಜಿನ ಮೇಲಿಟ್ಟು, “ಎಲ್ಲಿ, ಆ ಗೂಬೆ ಏನು ಹೇಳತ್ತೆ ತೋರಿಸೇ” ಎಂದಳು.

ಗಾಜಕ್ಕ ಆಪ್ ತೆರೆದಳು. ಮಗಳ ಲೆಕ್ಕ ಎಲ್ಲಿಯೂ ಕಾಣಲಿಲ್ಲ. ‘ನಿನ್ನ ಫೋನು ಇವತ್ತು ಏಳಕ್ಕೆ ಮುಚ್ಚುತ್ತದೆ’ ಎಂದಷ್ಟೇ ಇತ್ತು. ಮೇಲೆ ಕೆಳಗೆ ಸರಿಸಿ ನೋಡಿದಳು.

“ಅದು ಅಲ್ಲಿ ಸಿಗಲ್ಲಮ್ಮ” ಎಂದಳು ಮಗಳು. “ನನ್ನ ಫೋನಲ್ಲಿದೆ. ನೀನು ನಿನ್ನನ್ನೇ ಬಾಲಕ ಮಾಡ್ಕೊಂಡಿದೀಯ.”

“ಏನು ಮಾಡ್ಕೊಂಡಿದಾಳೆ?” ಎಂದಳು ಅಕ್ಕ.

“ಬಾಲಕ, ದೊಡ್ಡಮ್ಮ.”

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, “ದಿನವಿಡೀ ಊರವರ ಕಣ್ಣು ಸರಿಮಾಡೋಳು ನೀನು! ಎರಡಕ್ಷರ ಓದಕ್ಕಾಗ್ಲಿಲ್ವಾ?” ಎಂದು ನಕ್ಕಳು. ಬೇರೆ ಯಾರೂ ನಗಲಿಲ್ಲ. “ಓದು ನೋಡೋಣ, ಏನಿದೆ” ಎಂದು ಮಗಳಿಗೆ ಹೇಳಿದಳು.

ಮಗಳು ಹಾಜರಿ ಕೂಗುವ ದನಿಯಲ್ಲಿ ಓದಿದಳು. ಮೊದಲ ವಾರ ಅಮ್ಮನದು ದಿನಕ್ಕೆ ಐದು ಗಂಟೆ ಐವತ್ತು ನಿಮಿಷ. ಎರಡನೇ ವಾರ, ಒಂದೂವರೆ ಗಂಟೆ. ಈ ವಾರ, ಒಂದು ಗಂಟೆ ಹತ್ತು ನಿಮಿಷ. “ಏಳಕ್ಕೆ ಬಂದ್ ಆಗೋ ಹಾಗೆ ನಾನೇ ಇಟ್ಟಿದ್ದು. ಬಂದ್ ಆದ್ರೆ ಎದ್ದು ಅಡುಗೆಮನೆಗೆ ಬರ್ತಾಳೆ. ಅದಕ್ಕೆ ಮುಂಚೆ ಬರ್ತಿರ್ಲಿಲ್ಲ.”

“ಮತ್ತೆ ನಿಂದು?”

“ನಂದು ಯಾರೂ ಲೆಕ್ಕ ಇಟ್ಟಿಲ್ಲ. ಸುಮಾರು ನಾಲ್ಕು ಗಂಟೆ ಇರಬಹುದು. ಕಮ್ಮಿ ಆಗಿಲ್ಲ.”

ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ. ಅಕ್ಕ ಅರ್ಜಿಯನ್ನು ತಂಗಿಯ ಕಡೆ ಸರಿಸಿದಳು. “ನೋಡು, ತಪ್ಪು ತಿಳ್ಕೋಬೇಡ. ನೀನೇ ಇನ್ನೂ ಸರಿ ಹೋಗಿಲ್ಲ. ಹದಿಮೂರು ವರ್ಷದ ಮಗು ಅಮ್ಮನ್ನ ಎಬ್ಬಿಸಿ ಅಡುಗೆಮನೆಗೆ ಕಳಿಸಬೇಕಾ? ನಮ್ಮನೇಲಿ ನಾನಿದೀನಿ, ನಿಮ್ಮ ಭಾವ ಇದಾರೆ. ಒಂದು ವರ್ಷ ಕಳಿಸು. ಇಲ್ಲಿ ಸಹಿ ಹಾಕು.”

ಗಾಜಕ್ಕ ಅರ್ಜಿ ನೋಡಿದಳು. ಪಾಲಕರ ಸಹಿ ಎಂಬಲ್ಲಿ ಅಕ್ಕ ಪೆನ್ಸಿಲಿನಿಂದ ಗುರುತು ಹಾಕಿದ್ದಳು. ಅಕ್ಕ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅಳು ಬರಬಹುದು ಎಂದು ಕಾದಳು, ಬರಲಿಲ್ಲ. ಮಗಳು ಅಮ್ಮನ ಕಡೆ ನೋಡದೆ ಫೋನಿನ ಕವರನ್ನು ತೆಗೆದು ಹಾಕಿ ಮಾಡುತ್ತಿದ್ದಳು.

“ಕಳಿಸಲ್ಲ ಅಕ್ಕ” ಎಂದಳು ಗಾಜಕ್ಕ.

“ಯಾಕೇ?”

“ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ. ಕಳಿಸಲ್ಲ.”

“ಅವಳ ಓದು?”

“ಕೂತು ಓದಿಸ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ.”

ಅಕ್ಕ ಇನ್ನೂ ಅರ್ಧ ಗಂಟೆ ಮಾತಾಡಿದಳು. ಸಿಟ್ಟಾದಳು, ತಣ್ಣಗಾದಳು, ನಿನ್ನ ಹಟ ನಿನಗೆ ಎಂದಳು. ನಾಲ್ಕೂವರೆ ಬಸ್ಸಿಗೆ ಒಬ್ಬಳೇ ಹೊರಟಳು. ಹೊಸಿಲಲ್ಲಿ ತಿರುಗಿ, “ಬುಧವಾರ ಕೊನೇ ದಿನ, ಮನಸ್ಸು ಬದಲಾದ್ರೆ ಹೇಳು” ಎಂದಳು.

ಆಪನ್ನು ತಿರುಗಿಸಿ ಸರಿಯಾಗಿ ಹಾಕಬೇಕಾ ಎಂದು ಮಗಳು ಕೇಳಿದಳು. ಎರಡೂ ಫೋನಿಗೂ ಏಳು ಗಂಟೆ ಇಡು ಎಂದಳು ಗಾಜಕ್ಕ. ಮಗಳು ಎಂಟು ಎಂದಳು. ಏಳೂವರೆಗೆ ನಿಂತಿತು.

ಬುಧವಾರ ಅಂಗಡಿಗೆ ಮೂವತ್ತೆರಡು ಜೋಡಿ ಗಾಜು ಬಂದವು. ಅರ್ಜಿ ಹೋಗಲಿಲ್ಲ.