ಗೇಟಿನ ಲಕ್ಷ್ಮಿಗೆ ಬೊಟ್ಟಿಟ್ಟ ಬೆಕ್ಕು

ಹಾಲು ಡೇರಿಗೆ ಹಾಕಿ, ಕೊಟ್ಟಿಗೆ ಗುಡಿಸಿ, ಹುರುಳಿ ಬೇಯಲಿಟ್ಟು ಅಂಗಳಕ್ಕೆ ಬಂದರೆ ಪಂಚಾಯ್ತಿ ಶುರುವಾಗಿತ್ತು. ಪಾಂಡವಪುರದ ಕಲಾವಿದ ನಮ್ಮ ಕಬ್ಬಿಣದ ಗೇಟಿನ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು ಒಣಗಿಸಿ, ಎನಾಮೆಲ್ ಬಣ್ಣದಲ್ಲಿ ಲಕ್ಷ್ಮಿಯನ್ನು ಬರೆದಿದ್ದ. ಹಸಿ ಬಣ್ಣದ ಮೇಲಿಟ್ಟರೆ ಕದಡುತ್ತದೆ, ಬೊಟ್ಟು ನಾಳೆ ಇಡುತ್ತೇನೆಂದು ಹೇಳಿ ಟೀ ಕುಡಿಯಲು ಹೋಗಿದ್ದ. ಬರುವಷ್ಟರಲ್ಲಿ ಹಣೆಗೆ ಕುಂಕುಮ ಮೆತ್ತಿಕೊಂಡಿತ್ತು!

“ಬೆಕ್ಕು ಮುಟ್ಟಿರ್ಬೇಕು ಕಣ್ಲಾ,” ಎಂದರು ನಮ್ಮತ್ತೆ, ಲಕ್ಷ್ಮಿಯ ಮುಖದ ಗುಲಾಬಿ ಬಣ್ಣ ಹತ್ತಿದ ಬೆರಳನ್ನು ಸೆರಗಿನಲ್ಲಿ ಮರೆಸಿಕೊಂಡು.

“ಬೆಕ್ಕು ಕುಂಕುಮ ಇಕ್ತದಾ ಅಜ್ಜೀ?” ಎಂದ ಕಲಾವಿದ.

“ಬೋಳು ಹಣೇಲಿ ಲಕ್ಷ್ಮೀನ ಬಾಗ್ಲಲ್ಲಿ ನಿಲ್ಸುದ್ರೆ ಬೆಕ್ಕಾದ್ರೂ ಇಕ್ಬೇಕಲ್ಲಾ!”

ಒರೆಸಿದರೆ ಮುಖವೇ ಕೆಡುತ್ತಿತ್ತು. ಅವನು ಬಗ್ಗಿ ನೋಡಿದ. ಬೊಟ್ಟು ಹುಬ್ಬುಗಳ ನಟ್ಟನಡುವೆ ಕೂತಿತ್ತು. ನಕ್ಕು ಹಾಗೇ ಬಿಟ್ಟ.

ರಾತ್ರಿ ಮುದ್ದೆ, ಹುರುಳಿ ಬಸ್ಸಾರು. ಬಣ್ಣ ಬಿಡಿಸುವ ಥಿನ್ನರ್‌ನಲ್ಲಿ ಬೆರಳು ತೊಳೆದುಕೊಂಡಿದ್ದ ಅತ್ತೆ, ಸಾರೇ ವಾಸನೆ ಎಂದು ತಪ್ಪನ್ನು ನನ್ನ ಮೇಲೆ ಹಾಕಿ, ಎಲ್ಲರಿಗಿಂತ ಮೊದಲು ಮಲಗಿದರು.